1784ರ ಆಚೆ ಏನಿದೆ? ವಂಶವೃಕ್ಷ ಬರೆಯಹೊರಟ ನಮ್ಮ ಯುವಜನರಿಗೆ

ಈ ಮಳೆಗಾಲದಲ್ಲಿ ನಮ್ಮ ಯುವಜನರ ಗುಂಪಿಗೆ ವಂಶವೃಕ್ಷದ ಹುಚ್ಚು ಹಿಡಿದಿದೆ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ನಿಂತು ಒಬ್ಬರಿಗೊಬ್ಬರು ಮೊಬೈಲಿನಲ್ಲಿ ತೋರಿಸಿಕೊಳ್ಳುವುದು ಈಗ ಕ್ರಿಕೆಟ್ ಸ್ಕೋರನ್ನಲ್ಲ, ಮುತ್ತಜ್ಜನ ಮುತ್ತಜ್ಜನನ್ನು. ಒಬ್ಬರ ಮರದಲ್ಲಿ ಆರು ತಲೆಮಾರು, ಇನ್ನೊಬ್ಬರದರಲ್ಲಿ ಹನ್ನೊಂದು. ಮತ್ತೊಬ್ಬರ ಮರ ಗೋವೆಯನ್ನೂ ದಾಟಿ ಲಿಸ್ಬನ್ ಪಟ್ಟಣಕ್ಕೆ ಹೋಗಿ ನಿಂತಿದೆ. ಆರೇ ತಲೆಮಾರು ಸಿಕ್ಕವರ ಮುಖ ಸ್ವಲ್ಪ ಸಣ್ಣದಾಗಿದೆ. ಅವರಿಗೆ ನಾವು ಮೊದಲೇ ಹೇಳಿಬಿಡುತ್ತೇವೆ: ನಿಮ್ಮ ಮರವೇ ಹೆಚ್ಚು ನಂಬತಕ್ಕದ್ದು. ಹಾಗೆ ಹೇಳುವುದಕ್ಕೆ ಕಾರಣ ನಮ್ಮ ಊರಿನ ಇತಿಹಾಸದಲ್ಲೇ ಇದೆ.

ಮಂಜೇಶ್ವರ, ಕುಂಬಳೆ, ಬೇಳ, ಕಾಸರಗೋಡು ಕಡೆಯ ನಮ್ಮ ಕಥೊಲಿಕ ಮನೆಗಳಲ್ಲಿ ಒಂದೇ ಸಂಸಾರ ಐದು ಭಾಷೆಗಳಲ್ಲಿ ದಾಖಲಾಗಿದೆ. ಮನೆಮಾತು ಕೊಂಕಣಿ. ಶಾಲೆಯ ದಾಖಲೆ ಕನ್ನಡದಲ್ಲಿ, ಚರ್ಚಿನ ಹಳೆಯ ಪುಸ್ತಕ ಲತೀನಿನಲ್ಲಿ, ಈಗಿನ ಪಂಚಾಯತಿನ ಕಾಗದ ಮಲಯಾಳದಲ್ಲಿ, ಪಾಸ್‌ಪೋರ್ಟು ಇಂಗ್ಲಿಷಿನಲ್ಲಿ. ಗದ್ದೆಯ ಬದುವಿನಲ್ಲಿ ಅಜ್ಜನನ್ನು ಕೂಗುತ್ತಿದ್ದ ತುಳು ಹೆಸರು ಯಾವ ಕಾಗದದಲ್ಲೂ ಇಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ದಿನ ಕೇರಳಕ್ಕೆ ಸೇರಿದ್ದರಿಂದ ಕಂದಾಯದ ಸಂಬಂಧ ಕಣ್ಣೂರಿಗೆ ಹೋಯಿತು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾಯಿತು. ಚರ್ಚು ಮಾತ್ರ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿಯಿತು. ಹಾಗಾಗಿ ಒಂದು ಮನೆಯ ಚರಿತ್ರೆ ಬರೆಯಬೇಕಾದವರು ಗಡಿಯ ಎರಡೂ ಕಡೆ ಬಸ್ಸು ಹತ್ತಬೇಕು. ಮದರಾಸಿನ ಕಂದಾಯ ಮಂಡಳಿಯ ಹಳೆಯ ಕಾಗದ ಬೇಕೆಂದರೆ ಚೆನ್ನೈಯ ಎಗ್ಮೋರಿನಲ್ಲಿರುವ ದಾಖಲೆ ಭಂಡಾರದವರೆಗೂ ಹೋಗಬೇಕು.

ಬಸ್ಸು ಹತ್ತುವ ಮೊದಲು ಮನೆಯ ಹಿರಿಯರ ಪಕ್ಕದಲ್ಲಿ ಕೂರಬೇಕು. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. "ನಮ್ಮ ಅಜ್ಜನ ಹೆಸರೇನು?" ಎಂದು ಕೇಳಿದರೆ ಉತ್ತರ ಒಂದು ಪದದಲ್ಲಿ ಮುಗಿಯುತ್ತದೆ. "ನಿಮ್ಮ ತವರಿನಿಂದ ಮೊದಲ ಹೆರಿಗೆಗೆ ಯಾರು ಕರೆಯಲು ಬಂದಿದ್ದರು?" ಎಂದು ಕೇಳಿ ನೋಡಿ, ಒಂದು ಗಂಟೆಯಲ್ಲಿ ಹದಿನೈದು ಹೆಸರು ಸಿಗುತ್ತದೆ. ಪ್ರಾರ್ಥನೆಯ ಪುಸ್ತಕದ ನಡುವೆ ಮಡಚಿಟ್ಟ ಮರಣದ ಕಾರ್ಡು, 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆಯಿಂದ ಕತ್ತರಿಸಿದ ಶ್ರದ್ಧಾಂಜಲಿ, ಮದುವೆಯ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದ ತಾರೀಕು, ಇವೆಲ್ಲ ದಾಖಲೆಗಳೇ.

ಇನ್ನು ಚರ್ಚಿನ ಪುಸ್ತಕಗಳ ವಿಚಾರ. ಮದುವೆಯನ್ನು ಧರ್ಮಗುರು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ ವಿಧಿಸಿದ್ದು 1563ರಲ್ಲಿ. ಜ್ಞಾನಸ್ನಾನದ ಪುಸ್ತಕದಲ್ಲಿ ಜ್ಞಾನತಂದೆ ತಾಯಿಯರ ಹೆಸರು ಬರೆಯುವ ಕ್ರಮವೂ ಆ ಮಹಾಸಭೆಯದೇ. ಸರಕಾರಕ್ಕೆ ಜನನ ಮರಣ ಬರೆಯುವ ಯೋಚನೆ ಬರುವುದಕ್ಕಿಂತ ಎಷ್ಟೋ ಮೊದಲಿನ ಪದ್ಧತಿ ಇದು. ಪುಸ್ತಕ ನೋಡುವುದಕ್ಕೆ ಧರ್ಮಗುರುಗಳ ಅಪ್ಪಣೆ ಬೇಕು. ಅವರು ಕುಳಿತಿರುವಾಗ, ಅವರ ಎದುರಿನಲ್ಲೇ, ಕೈ ತೊಳೆದುಕೊಂಡು ಪುಟ ತಿರುವಬೇಕು. ನಮ್ಮ ಕರಾವಳಿಯ ತೇವಕ್ಕೆ ಹಳೆಯ ಶಾಯಿ ಹರಡಿರುತ್ತದೆ, ಅಂಚನ್ನು ಗೆದ್ದಲು ತಿಂದಿರುತ್ತದೆ. ಮಡಿಕೆಯನ್ನು ಬಿಡಿಸಲು ಹೋದರೆ ಒಂದು ಮನೆತನವೇ ಪುಡಿಯಾಗಬಹುದು.

ಲತೀನನ್ನು ಕಂಡು ಹೆದರಬೇಕಾಗಿಲ್ಲ. ನಮ್ಮ ಕನ್ನಡದ ಹಾಗೆ ಅದಕ್ಕೂ ವಿಭಕ್ತಿಗಳಿವೆ ಎಂಬುದು ನೆನಪಿದ್ದರೆ ಅರ್ಧ ಕೆಲಸ ಆಯಿತು. ಪೆತ್ರುಸ್, ಪೆತ್ರಿ, ಪೆತ್ರೊ, ಪೆತ್ರುಮ್ ನಾಲ್ವರು ಅಣ್ಣತಮ್ಮಂದಿರಲ್ಲ. ಎಲ್ಲರೂ ಒಬ್ಬನೇ ಪೆದ್ರು, ನಾವು ‘ಪೆದ್ರುವಿನ’, ‘ಪೆದ್ರುವಿನಿಂದ’, ‘ಪೆದ್ರುವನ್ನು’ ಎನ್ನುವ ಹಾಗೆ. ‘ಫಿಲಿಯುಸ್ ಪೆತ್ರಿ’ ಎಂದರೆ ಪೆದ್ರುವಿನ ಮಗ. ಅಂತರ್ಜಾಲದ ಎಷ್ಟೋ ಮರಗಳಲ್ಲಿ ‘ಪೆತ್ರಿ’ ಎಂಬ ಹೆಸರಿನ ಮುತ್ತಜ್ಜ ಪ್ರತ್ಯೇಕವಾಗಿ ಹುಟ್ಟಿಕೊಂಡಿದ್ದಾನೆ. ಪಾಪ, ಅವನು ಇರಲೇ ಇಲ್ಲ. ಹಾಗೆಯೇ ಮನೆಯಲ್ಲಿ ಬಸ್ತ್ಯಾಂವ್ ಆಗಿದ್ದವನು ಪುಸ್ತಕದಲ್ಲಿ ಸೆಬಾಸ್ತಿಯಾನುಸ್, ಇನಾಸ್ ಎಂಬವನು ಇಗ್ನಾತಿಯುಸ್, ಜುವಾಂವ್ ಎಂಬವನು ಯೊವಾನ್ನೆಸ್. ಗೋವೆಯಿಂದ ಬಂದ ಗುರುಗಳು ಬರೆದ ಪುಟಗಳಲ್ಲಿ ಪೋರ್ಚುಗೀಸ್ ರೂಪಗಳೂ ಸಿಗುತ್ತವೆ. ಮೊಬೈಲಿನಲ್ಲಿ ‘ಇನಾಸ್’ ಎಂದು ಹುಡುಕಿ "ಯಾರೂ ಸಿಗಲಿಲ್ಲ" ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಪುಟದ ಅಂಚನ್ನು ಬಿಡಬೇಡಿ. 1908ರ ಪಾಸ್ಖದಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ರೋಮಿನ ಆಜ್ಞೆಯ ಪ್ರಕಾರ, ಮದುವೆಯಾದವರ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲೇ ಮದುವೆಯ ವಿವರವನ್ನೂ ಬರೆಯಬೇಕು, ಮದುವೆ ಬೇರೆ ಊರಿನಲ್ಲಿ ಆಗಿದ್ದರೂ ಸರಿ. ನಮ್ಮವರು ಚಿಕ್ಕಮಗಳೂರು ಕೊಡಗಿನ ಕಾಫಿ ತೋಟಗಳಿಗೆ ಹೋದರು, ಮುಂಬಯಿಗೆ ಹೋದರು. "ನಮ್ಮ ಅಜ್ಜನ ತಮ್ಮ ಮುಂಬಯಿಗೆ ಹೋದವನು ಏನಾದನೋ" ಎಂದು ಮನೆಯಲ್ಲಿ ಕೈಬಿಟ್ಟವನ ಮದುವೆ, ಹೆಂಡತಿಯ ಹೆಸರು, ಮುಂಬಯಿಯ ಚರ್ಚಿನ ಹೆಸರು ಅವನು ಹುಟ್ಟಿದ ಊರಿನ ಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರಬಹುದು.

ಮದುವೆಯ ಪುಸ್ತಕದಲ್ಲಿ ಇನ್ನೊಂದು ಸೂಕ್ಷ್ಮ ಸುಳಿವಿದೆ. ರಕ್ತಸಂಬಂಧಿಗಳ ಮದುವೆಗೆ ವಿನಾಯಿತಿ ಕೊಟ್ಟಿದ್ದರೆ ಅದನ್ನು ಬರೆದಿರುತ್ತಾರೆ, ಎಷ್ಟನೆಯ ಅಂತಸ್ತಿನ ಸಂಬಂಧ ಎಂಬುದನ್ನೂ ಸೇರಿಸಿ. ಚರ್ಚಿನ ಲೆಕ್ಕದಲ್ಲಿ ಎರಡನೆಯ ಅಂತಸ್ತು ಎಂದರೆ ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ, ಮೂರನೆಯದಾದರೆ ಮುತ್ತಜ್ಜ ಮುತ್ತಜ್ಜಿ ಒಬ್ಬರೇ. 1917ರ ಧರ್ಮಸಂಹಿತೆ ಬರುವವರೆಗೆ ನಾಲ್ಕನೆಯ ಅಂತಸ್ತಿಗೂ ಅಡ್ಡಿಯಿತ್ತು. ಅಂದರೆ ಒಂದು ಸಣ್ಣ ಟಿಪ್ಪಣಿಯಿಂದ ನಾಲ್ಕು ತಲೆಮಾರಿನ ಹಿಂದೆ ಎರಡು ಮನೆ ಒಂದಾಗಿತ್ತೆಂದು ತಿಳಿಯುತ್ತದೆ. ಅಡ್ಡಹೆಸರು ಬೇರೆಯಾಗಿದ್ದರೂ ಸರಿ. ನಮ್ಮ ದೃಷ್ಟಿಯಲ್ಲಿ ಇಡೀ ಪುಸ್ತಕದಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲು ಬೇರೊಂದಿಲ್ಲ.

ನಿಮ್ಮ ಚರ್ಚಿನ ಪುಸ್ತಕ ಒಂದು ವರ್ಷದಲ್ಲಿ ಥಟ್ಟನೆ ನಿಂತರೆ ಅಲ್ಲಿಗೆ ಮನೆತನ ಮುಗಿಯಿತೆಂದಲ್ಲ. ನಮ್ಮ ಚರ್ಚುಗಳಲ್ಲಿ ಹೆಚ್ಚಿನವು ಹಳೆಯ ದೊಡ್ಡ ಚರ್ಚುಗಳಿಂದ ಬೇರೆಯಾದವು. ಅದಕ್ಕಿಂತ ಹಿಂದಿನ ಸಾಲು ತಾಯಿಚರ್ಚಿನ ಪುಸ್ತಕದಲ್ಲಿರುತ್ತದೆ. 19ನೇ ಶತಮಾನದಲ್ಲಿ ಇನ್ನೊಂದು ತೊಡಕೂ ಇತ್ತು. ಕೆನರಾದ ಕಥೊಲಿಕರಲ್ಲಿ ಕೆಲವರು ಗೋವೆಯ ಆರ್ಚ್‌ಬಿಷಪರ ಅಧಿಕಾರಕ್ಕೆ, ಕೆಲವರು ರೋಮ್ ನೇರವಾಗಿ ನೇಮಿಸಿದವರ ಅಧಿಕಾರಕ್ಕೆ ಒಳಪಟ್ಟು ಬಹುಕಾಲ ಎಳೆದಾಡಿದರು. ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯ ದಿನ, ಮಂಗಳೂರು ಧರ್ಮಪ್ರಾಂತ್ಯವಾದದ್ದು 1886ರಲ್ಲಿ. ಅದಕ್ಕೆ ಮುಂಚೆ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಚರ್ಚಿಗೆ ಸೇರಿರಬಹುದಾದ್ದರಿಂದ ಒಂದೇ ಪುಸ್ತಕ ನೋಡಿ ಸುಮ್ಮನಾಗಬಾರದು.

ಈಗ ಅಡ್ಡಹೆಸರಿಗೆ ಬರೋಣ. ಲಿಸ್ಬನ್ ತಲುಪಿದ ಮರ ಹುಟ್ಟಿದ್ದು ಇಲ್ಲೇ. ಡಿಸೋಜ, ಕ್ರಾಸ್ತ, ಮೊಂತೆರೊ, ರೊಡ್ರಿಗಸ್ ಎಂಬ ಹೆಸರು ಇದ್ದ ಮಾತ್ರಕ್ಕೆ ನಮ್ಮ ಮೈಯಲ್ಲಿ ಪೋರ್ಚುಗೀಸ್ ರಕ್ತ ಹರಿಯುವುದಿಲ್ಲ. ಗೋವೆಯಲ್ಲಿ ಕ್ರೈಸ್ತರಾದ ನಮ್ಮ ಹಿರಿಯರಿಗೆ ಜ್ಞಾನಸ್ನಾನ ಕೊಟ್ಟ ಗುರುವಿನ ಅಥವಾ ಜ್ಞಾನತಂದೆಯ ಹೆಸರು ಅಂಟಿಕೊಂಡಿತು. ಒಬ್ಬ ಗುರು ಒಂದೇ ದಿನ ಸಂಬಂಧವೇ ಇಲ್ಲದ ಹಲವು ಮನೆಗಳಿಗೆ ತನ್ನ ಹೆಸರು ಕೊಟ್ಟಿರಬಹುದು. ಆದ್ದರಿಂದ ಇಬ್ಬರು ಡಿಸೋಜರು ಬಂಧುಗಳೆನ್ನಲು ಅಡ್ಡಹೆಸರು ಸಾಕ್ಷಿಯೇ ಅಲ್ಲ. ಇದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು, ಅದಕ್ಕೇ ಇಂಥ ಬೈಲಿನವರು, ಇಂಥ ಪದವಿನವರು, ಇಂಥ ಕೋಡಿಯವರು ಎಂದು ಮನೆಯ ಜಾಗದಿಂದ ಗುರುತಿಸುತ್ತಿದ್ದರು. ನೂರು ಡಿಸೋಜರ ನಡುವೆ ನಿಮ್ಮ ಮುತ್ತಜ್ಜನನ್ನು ಹುಡುಕಿಕೊಡುವುದು ಆ ಜಾಗದ ಹೆಸರು. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿಯೂ ನಮ್ಮಲ್ಲಿದೆ. ಅದರಿಂದ ಸುಳಿವು ಸಿಗುತ್ತದೆ, ಗೊಂದಲವೂ ಆಗುತ್ತದೆ. ಮೂವರು ಅಣ್ಣತಮ್ಮಂದಿರು ತಮ್ಮ ತಮ್ಮ ಹಿರಿಯ ಮಗನಿಗೆ ಜೋಕಿಂ ಎಂದು ಹೆಸರಿಟ್ಟರೆ, ಕಂಪ್ಯೂಟರು ಮೂವರನ್ನೂ ಒಬ್ಬನೇ ಎಂದು ಜೋಡಿಸಿಬಿಡುತ್ತದೆ. "ನಿಮಗೆ ಹೊಸ ಸಂಬಂಧ ಸಿಕ್ಕಿದೆ, ಒಪ್ಪುತ್ತೀರಾ?" ಎಂದು ಮೈಹೆರಿಟೇಜ್, ಜೆನಿ ಮುಂತಾದ ತಾಣಗಳು ಕೇಳಿದಾಗ ನಾವು ಸಂತೋಷದಿಂದ ಒತ್ತಿಬಿಡುವುದು ಆ ಗೊಂದಲವನ್ನೇ.

ಹೀಗೆ ಹಿಂದೆ ಹಿಂದೆ ಹೋದರೆ ನಮ್ಮೆಲ್ಲರ ಮರವೂ ಒಂದೇ ಗೋಡೆಗೆ ಬಡಿಯುತ್ತದೆ. 1784ರ ಫೆಬ್ರವರಿ, ವಿಭೂತಿ ಬುಧವಾರ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬುದರಲ್ಲಿ ಒಮ್ಮತವಿಲ್ಲ, ಲೆಕ್ಕಗಳು 30,000ದಿಂದ 80,000ದವರೆಗೆ ಹರಡಿವೆ. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ 27 ಚರ್ಚುಗಳು ನೆಲಸಮವಾದವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಿಡುಗಡೆಯಾದದ್ದು 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ. ಹದಿನೈದು ವರ್ಷ. ಹೋದವರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ.

ಆ ಹದಿನೈದು ವರ್ಷಗಳ ಬಗ್ಗೆ ಸಭೆಗಳಲ್ಲಿ ಬಿಸಿ ಮಾತು ಕೇಳುತ್ತೇವೆ, ಆ ಕಡೆಯಿಂದಲೂ ಈ ಕಡೆಯಿಂದಲೂ. ವಂಶವೃಕ್ಷ ಬರೆಯುವವರು ಗಮನಿಸಬೇಕಾದದ್ದು ಬೇರೆ. ಚರ್ಚು ಬಿದ್ದಾಗ ಅದರ ಪುಸ್ತಕವೂ ಹೋಯಿತು. ದಾರಿಯಲ್ಲಿ ಸತ್ತವರ ಹೆಸರನ್ನು ಮರಣದ ಪುಸ್ತಕದಲ್ಲಿ ಬರೆಯಲು ಗುರುವೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಸೆರೆಯಲ್ಲಿ ಹುಟ್ಟಿದ ಮಕ್ಕಳ ಹೆಸರು ಜ್ಞಾನಸ್ನಾನದ ಪುಸ್ತಕದಲ್ಲಿಲ್ಲ. ಹಾಗಾಗಿ ನಮ್ಮ ಕಡೆಯ ಸಾಮಾನ್ಯ ಕೃಷಿಕ ಮನೆಗೆ 1784ರ ಹಿಂದಿನ ತಲೆಮಾರುಗಳನ್ನು ಹೆಸರು ಹಿಡಿದು, ಒಂದಕ್ಕೊಂದು ಜೋಡಿಸಿ ತೋರಿಸುವ ಪುಸ್ತಕ ಬಹುಮಟ್ಟಿಗೆ ಇಲ್ಲ. ಮಂಗಳೂರು ಕಥೊಲಿಕರ ನೂರಾರು ಮನೆತನಗಳ ವಂಶಾವಳಿ ಸಂಗ್ರಹಿಸಿದ ಗಣಿತಜ್ಞ ಡಾ. ಮೈಕಲ್ ಲೋಬೊ ಅವರ ಕೆಲಸಕ್ಕೂ ಚರ್ಚಿನ ಪುಸ್ತಕಗಳೇ ದೊಡ್ಡ ಆಧಾರ. ಅಂಥವರು ವರ್ಷಗಟ್ಟಲೆ ಪುಟ ತಿರುವಿ ಮಾಡಿದ ಕೆಲಸವನ್ನು ಮೊಬೈಲು ಹತ್ತು ನಿಮಿಷದಲ್ಲಿ ಮಾಡಿದೆ ಎಂದರೆ, ಎಲ್ಲೋ ಯಾರೋ ಊಹಿಸಿ ಬರೆದದ್ದನ್ನು ಹತ್ತು ಜನ ನಕಲು ಮಾಡಿದ್ದಾರೆ ಎಂದು ತಿಳಿಯಬೇಕು.

ಹನ್ನೊಂದು ತಲೆಮಾರಿನ ಮರವನ್ನು ನಾವು ಬಿಡಿಸಿ ನೋಡಿದಾಗಲೂ ಇದೇ ಕಂಡಿತು. ಏಳನೆಯ ತಲೆಮಾರಿನ ಮೇಲೆ ಯಾವ ಸಾಲಿಗೂ ಪುಸ್ತಕದ ಹೆಸರಿಲ್ಲ, ಪುಟದ ಸಂಖ್ಯೆಯಿಲ್ಲ. ಇದ್ದದ್ದು "ಇನ್ನೊಬ್ಬ ಸದಸ್ಯರ ಮರದಿಂದ" ಎಂಬ ಟಿಪ್ಪಣಿ ಮಾತ್ರ. ಆ ಸದಸ್ಯರ ಮರದಲ್ಲೂ ಅದೇ ಟಿಪ್ಪಣಿ!

ಇದು ಬರೀ ತಪ್ಪು ಲೆಕ್ಕದ ವಿಚಾರವಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಖಾಲಿ ಜಾಗವನ್ನು ತುಂಬುವಾಗ ನಮ್ಮ ಕೈ ಯಾವ ಕಡೆ ವಾಲುತ್ತದೆ ನೋಡಿ. ಯಾರ ಮರವೂ ಗೋವೆಯ ಕೂಲಿಯವನ ಗುಡಿಸಲಿಗೆ ಹೋಗಿ ನಿಲ್ಲುವುದಿಲ್ಲ. ಎಲ್ಲರದೂ ಯಾವುದೋ ಗ್ರಾಮದ ಬಾಮಣ ಮನೆಗೇ ಹೋಗುತ್ತದೆ. ಮದುವೆಯ ಮಾತುಕತೆಯಲ್ಲಿ "ನೀವು ಬಾಮಣರೋ, ಚಾರ್ಡೊಗಳೋ, ಸುದಿರರೋ?" ಎಂದು ಇವತ್ತಿಗೂ ಮೆಲ್ಲನೆ ಕೇಳುವ ಮನೆಗಳಿವೆ. ಒಂದೇ ಪವಿತ್ರ ಮೇಜಿನ ಮುಂದೆ ಮೊಣಕಾಲೂರಿ ಎದ್ದು ಬಂದವರೇ ಕೇಳುವುದು. ಆ ಪ್ರಶ್ನೆಗೆ ಉತ್ತರವಾಗಿ ಮೊಬೈಲಿನ ಮರ ತೋರಿಸುವ ಕಾಲ ಬಂದರೆ, 1784ರಲ್ಲಿ ನಷ್ಟವಾದ ಪುಸ್ತಕದ ಜಾಗದಲ್ಲಿ ನಾವೊಂದು ಸುಳ್ಳು ಪುಸ್ತಕ ಇಟ್ಟಂತಾಯಿತು.

ಗೋವೆಯೇ ಎಲ್ಲರ ತವರೂ ಅಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಗುರು ಅಲೆಕ್ಸಾಂಡರ್ ಕಮಿಸ್ಸಾ ನಮ್ಮದೇ ನಾರಂಪಾಡಿಯ ಕಡೆ ಕೊರಗರ ನಡುವೆ ಕೆಲಸ ಮಾಡಿದರು. ಆ ಮನೆತನಗಳ ಮರ ಮಾಂಡೋವಿ ನದಿಯ ದಡಕ್ಕೆ ಹೋಗುವುದಿಲ್ಲ, ಈ ಗುಡ್ಡಗಳಲ್ಲೇ ಇನ್ನೂ ಕೆಳಗೆ ಇಳಿಯುತ್ತದೆ. ನಮ್ಮ ಹಿರಿಯರು ಗೋವೆಯಿಂದ ದೋಣಿಯಲ್ಲೋ ಕಾಲ್ನಡಿಗೆಯಲ್ಲೋ ಬಂದು ಇಳಿದಾಗ ಅವರ ಹಿರಿಯರು ಇಲ್ಲಿದ್ದರು. ಬೇರಿನ ಹಳಮೆಯೇ ಹೆಮ್ಮೆಯೆಂದಾದರೆ, ಸಂತೆಯಲ್ಲಿ ಬುಟ್ಟಿ ಮಾರುತ್ತಿದ್ದವರ ಮೊಮ್ಮಕ್ಕಳ ಮುಂದೆ ನಾವು ಮೊನ್ನೆ ಮೊನ್ನೆ ಬಂದವರು. ಯುವಜನರ ಗುಂಪಿನಲ್ಲಿ ಮರ ತೋರಿಸುವ ದಿನ ಅವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹಾಗಾಗಬಾರದು.

ಹೆಂಗಸರ ವಿಚಾರ. 1784ರಿಂದ ಇಲ್ಲಿಗೆ ಸುಮಾರು 240 ವರ್ಷ. ತಲೆಮಾರಿಗೆ 30 ವರ್ಷ ಹಿಡಿದರೆ ಎಂಟು ತಲೆಮಾರು. ಎರಡು, ನಾಲ್ಕು, ಎಂಟು ಎಂದು ಏರಿಸುತ್ತಾ ಹೋದರೆ ಎಂಟನೆಯ ತಲೆಮಾರಿನಲ್ಲಿ ನಮಗೆ 256 ಹಿರಿಯರು. ಒಳಗೊಳಗೇ ಮದುವೆಗಳಾಗಿರುವುದರಿಂದ ಕೆಲವರು ಎರಡೆರಡು ಸಲ ಬರುತ್ತಾರೆ, ಇರಲಿ. ಆ 256ರಲ್ಲಿ ನಮ್ಮ ಅಡ್ಡಹೆಸರನ್ನು ನಮ್ಮವರೆಗೆ ತಂದವನು ಒಬ್ಬನೇ. ಉಳಿದ 255 ಜನರನ್ನು ಬಿಟ್ಟು ಅವನೊಬ್ಬನ ಹಿಂದೆ ಓಡುವುದನ್ನು ನಾವು ವಂಶವೃಕ್ಷ ಎನ್ನುತ್ತಿದ್ದೇವೆ. ಅದು ಮರವಲ್ಲ, ಗಳು.

ಹೆಂಗಸರ ಹೆಸರು ಹುಡುಕಲು ಜಮೀನಿನ ಕಾಗದಗಳನ್ನು ನೋಡಬೇಕು. ನಮ್ಮ ತಾಲೂಕು ಮದರಾಸಿನ ಆಡಳಿತದಲ್ಲಿದ್ದದ್ದು ಇಲ್ಲಿ ಉಪಕಾರಕ್ಕೆ ಬಂತು. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳ ಪಾಲನ್ನು 1916ರ ಕಾಯ್ದೆ ಬಹಳ ಕಿರಿದು ಮಾಡಿತ್ತು, ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡುವವರೆಗೂ ಅದೇ ನಡೆಯಿತು. ಆ ಕಾಯ್ದೆ ದಕ್ಷಿಣ ಕನ್ನಡಕ್ಕೆ ತಾಗಲಿಲ್ಲ. ಇಲ್ಲಿನ ಕ್ರೈಸ್ತರಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ, ಅದರಲ್ಲಿ ಮಗಳೂ ಮಗನಷ್ಟೇ ವಾರಸುದಾರಳು. ಮನೆಗಳಲ್ಲಿ ಪಾಲು ಕೊಟ್ಟರೋ ಬಿಟ್ಟರೋ ಅದು ಬೇರೆ ಮಾತು. ಬಹಳ ಕಡೆ "ವರದಕ್ಷಿಣೆ ಕೊಟ್ಟಾಗಿದೆ" ಎಂದು ಅವಳಿಂದ ಹಕ್ಕು ಬಿಡುಗಡೆ ಬರೆಸಿಕೊಂಡರು. ಆದರೆ ಬಿಡುಗಡೆ ಪತ್ರ ಬರೆಸಬೇಕಾದರೆ ಅವಳ ಹೆಸರು, ಗಂಡನ ಹೆಸರು, ಈಗಿರುವ ಊರು ಎಲ್ಲ ಬರೆಯಲೇಬೇಕು. ಅವಳ ಪಾಲು ಕಳೆದ ಕಾಗದವೇ ಅವಳ ಹೆಸರನ್ನು ಉಳಿಸಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೆಯ ಆಧಾರಗಳು ಕನ್ನಡದ ಕೂಡಕ್ಷರದಲ್ಲಿವೆ. ಪಾಲುಪಟ್ಟಿ, ಮೂಲಗೇಣಿ ಚೀಟಿ, ಚಾಲಗೇಣಿ ಚೀಟಿ, 1970ರ ಭೂಸುಧಾರಣೆಯ ನಂತರ ಗೇಣಿದಾರರಿಗೆ ಸಿಕ್ಕ ಪಟ್ಟಯ, ಇವನ್ನೆಲ್ಲ ಓದಲು ಕನ್ನಡವೂ ಬೇಕು, ಮಲಯಾಳವೂ ಬೇಕು. ಎರಡನ್ನೂ ಸಲೀಸಾಗಿ ಓದುವವರು ನಮ್ಮ ಗಡಿಯ ಮಕ್ಕಳು.

ಪುಸ್ತಕ ನೋಡುವಾಗ ಕೆಲವು ಸಾಲು ಕಣ್ಣಿಗೆ ಬೀಳುತ್ತವೆ. ‘ಪಾತ್ರೆ ಇಗ್ನೊತೊ’, ತಂದೆ ಯಾರೆಂದು ತಿಳಿಯದು. ಆ ಸಾಲಿನ ಮಗು ಬೆಳೆದು ಮದುವೆಯಾಗಿ ನಮ್ಮಲ್ಲೇ ಯಾರದೋ ಮುತ್ತಜ್ಜಿಯಾಗಿರುತ್ತಾಳೆ. ಅದು ನಿಮ್ಮ ಮನೆಯದಾದರೆ ಮನೆಯವರೊಡನೆ ಮಾತಾಡಿ, ಬೇರೆಯವರ ಮನೆಯದಾದರೆ ಪುಟ ತಿರುವಿ ಮುಂದೆ ಹೋಗಿ. ವಾಟ್ಸಾಪಿನ ಗುಂಪಿಗೆ ಅದರ ಫೋಟೋ ಹೋಗಬಾರದು. ಮರದಲ್ಲಿ ಅವಳ ತಂದೆಯ ಜಾಗ ಖಾಲಿ ಬಿಟ್ಟು ತಾಯಿಯ ಹೆಸರನ್ನು ಸ್ಪಷ್ಟವಾಗಿ ಬರೆದರೆ ಸಾಕು.

ಫೋಟೋದ ಮಾತು ಬಂದದ್ದರಿಂದ ಹೇಳುತ್ತೇವೆ. ಉಚಿತವಾಗಿ ಸಿಗುವ ತಾಣಗಳಲ್ಲಿ ದೊಡ್ಡದು ಫ್ಯಾಮಿಲಿಸರ್ಚ್. ಅದನ್ನು ನಡೆಸುವುದು ಅಮೆರಿಕದ ಯೂಟಾದಲ್ಲಿರುವ ಮೋರ್ಮನ್ ಸಭೆ. 1894ರಿಂದ ಅವರು ವಂಶಾವಳಿಯ ಕೆಲಸ ಮಾಡುತ್ತಿದ್ದಾರೆ, ಜಗತ್ತಿನ ಎಷ್ಟೋ ದಾಖಲೆಗಳನ್ನು ಚಿತ್ರೀಕರಿಸಿ ಕಾಪಾಡಿದ್ದಾರೆ. ಸತ್ತ ಹಿರಿಯರ ಪರವಾಗಿ ಜ್ಞಾನಸ್ನಾನ ಪಡೆಯುವ ಪದ್ಧತಿ ಅವರಲ್ಲಿರುವುದರಿಂದ, ಚರ್ಚಿನ ಪುಸ್ತಕಗಳನ್ನು ಅವರಿಗೆ ಕೊಡಬಾರದೆಂದು 2008ರ ಏಪ್ರಿಲಿನಲ್ಲಿ ವ್ಯಾಟಿಕನ್ ಎಲ್ಲ ಬಿಷಪರಿಗೆ ತಿಳಿಸಿತು. ಅಲ್ಲಿ ಹುಡುಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಮ್ಮ ಚರ್ಚಿನ ಪುಟವನ್ನು ಕದ್ದು ಫೋಟೋ ತೆಗೆದು ಅಲ್ಲಿ ಏರಿಸುವುದು ಮಾತ್ರ ನಮ್ಮ ಕೆಲಸವಲ್ಲ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಹುಡುಕಿ ಸುಸ್ತಾದವರಿಗೂ ಒಂದು ಮಾತು: ಅಲ್ಲಿನ ಜ್ಞಾನಸ್ನಾನ ಮದುವೆಗಳು ಬಹುತೇಕ ಯುರೋಪಿಯನ್ನರದು ಮತ್ತು ಆಂಗ್ಲೋ ಇಂಡಿಯನ್ನರದು. ಡಿಸೋಜ ಎಂಬ ಹೆಸರು ಕಂಡ ಕೂಡಲೇ ಕುಣಿಯಬೇಡಿ.

ನಮ್ಮ ಗುಂಪು ಈಗ ಒಂದು ಕ್ರಮ ಮಾಡಿಕೊಂಡಿದೆ. ದೊಡ್ಡ ಹಾಳೆಯಲ್ಲಿ ಎಂಟು ಸಾಲು, ಅಪ್ಪನ ಕಡೆಗೆ ಎಷ್ಟು ಚೌಕವೋ ಅಮ್ಮನ ಕಡೆಗೂ ಅಷ್ಟೇ. ಪುಸ್ತಕ, ವರ್ಷ, ಪುಟ ಗೊತ್ತಿದ್ದರೆ ಶಾಯಿಯಲ್ಲಿ, ಹಿರಿಯರ ಬಾಯಿಯಿಂದ ಕೇಳಿದ್ದಾದರೆ ಪೆನ್ಸಿಲಿನಲ್ಲಿ ಹೇಳಿದವರ ಹೆಸರಿನೊಂದಿಗೆ. ಮೊಬೈಲಿನಿಂದ ಬಂದದ್ದು, ಪುಸ್ತಕದಲ್ಲಿ ಕಾಣುವವರೆಗೆ ಹಾಳೆಗೆ ಇಳಿಯುವುದಿಲ್ಲ. ಹೆಚ್ಚಿನವರ ಶಾಯಿ ಐದನೆಯ ಸಾಲಿಗೆ ನಿಂತಿದೆ, ಇಬ್ಬರದು ಆರಕ್ಕೆ ಏರಿದೆ. ಎಂಟನೆಯ ಸಾಲು ಎಲ್ಲರದೂ ಖಾಲಿ. ಲಿಸ್ಬನ್ನಿನವರೂ ಹೊಸ ಹಾಳೆ ತೆಗೆದುಕೊಂಡು ಹೋಗಿದ್ದಾರೆ. ಮುಂದಿನ ತಿಂಗಳು ಬಿಡುಗಡೆ ಪತ್ರಗಳನ್ನು ಓದಲು ಕೂರುತ್ತೇವೆ. ಕೂಡಕ್ಷರ ಓದಬಲ್ಲ ಹಿರಿಯರು ಯಾರ ಮನೆಯಲ್ಲಿದ್ದರೂ ದಯವಿಟ್ಟು ತಿಳಿಸಿ, ನಾವೇ ಬಂದು ಕರೆದುಕೊಂಡು ಬರುತ್ತೇವೆ.